ಸೆನ್ಸರ್ ಕೆಟ್ಟಿರಲಿಲ್ಲ

11 ಫೆಬ್ರವರಿ 2025, ಮಂಗಳವಾರ, ಕುಷ್ಟಗಿ

ಇರಕಲ್ಲಗಡದಿಂದ ಬರುವ ನರ್ಸ್ ಶೇಖರಮ್ಮನವರ ಕಾರು ಮತ್ತೆ ನನ್ನ ಗ್ಯಾರೇಜಿಗೆ ಬಂತು. ಎಂಜಿನ್ ದೀಪ ಆರುತ್ತಿಲ್ಲ. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಎಂದು ಸ್ಕ್ಯಾನರ್ ತೋರಿಸಿದ್ದನ್ನು ನಂಬಿ, ಹೋದ ತಿಂಗಳು ನಾನೇ ಹೊಸದು ಹಾಕಿದ್ದೆ. ಇವತ್ತೂ ಸ್ಕ್ಯಾನರಿನಲ್ಲಿ ಅದೇ ದೋಷದ ಕೋಡ್.

ಈ ಸಲ ಸ್ಕ್ಯಾನರ್ ಬದಿಗಿಟ್ಟೆ. ತಣ್ಣಗಿದ್ದ ಎಂಜಿನ್ ಚಾಲೂ ಮಾಡಿ, ಹೊಗೆ ಹೋಗುವ ಪೈಪಿಗೆ ಸಾಬೂನು ನೀರು ಸವರಿದೆ. ಸೆನ್ಸರ್‌ಗಿಂತ ಒಂದು ಗೇಣು ಮೊದಲೇ ಗುಳ್ಳೆ ಎದ್ದವು. ಕೂದಲೆಳೆಯಷ್ಟು ಬಿರುಕು. ಅಲ್ಲಿಂದ ಹೊಗೆ ಹೊರಬರುತ್ತಿತ್ತು, ಒತ್ತಡ ಇಳಿದಾಗೆಲ್ಲ ಹೊರಗಿನ ಗಾಳಿ ಒಳಗೂ ಸೇರುತ್ತಿತ್ತು. ಪಾಪ, ಸೆನ್ಸರ್ ತನಗೆ ಸಿಕ್ಕಿದ್ದನ್ನೇ ಹೇಳುತ್ತಿತ್ತು.

ವೆಲ್ಡಿಂಗ್ ಮಾಡಿಸಿದ ಮೇಲೆ ದೀಪ ಆರಿತು. ಸುಮ್ಮನೆ ಕಾರು ಕೊಟ್ಟು ಕಳಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ.

"ಅಕ್ಕಾರ, ಹಳೇ ಸೆನ್ಸರ್ ಛಲೋನ ಇತ್ರಿ. ನಾನ ಸರಿಯಾಗಿ ನೋಡಲಿಲ್ಲ."

ಅವರು ಕಾರಿನ ಕೀಲಿ ತೆಗೆದುಕೊಂಡರು. ಆಮೇಲೆ, "ನಾನೂ ಒಮ್ಮಿ ಒಂದು ಕೂಸಿಗೆ ಬರೇ ಜ್ವರದ ಔಷಧ ಕೊಟ್ಟು ಕಳಿಸಿದ್ದೆ, ಕಳಕಪ್ಪ. ಅದರ ಕಿವಿ ಸೋರತಿತ್ತು, ನೋಡಿರಲಿಲ್ಲ. ಅವತ್ತಿನಿಂದ ಮೊದಲ ಕಿವಿ ನೋಡ್ತೀನಿ" ಅಂದರು.

ಈಗ ಮಲಗಲು ಹೋದರೆ ಒಂದು ನೆನಪಾಗುತ್ತಿದೆ. ಯಲಬುರ್ಗಾದ ಯಂಕೇಶನ ಕಾರಿಗೂ ಪೈಪು ನೋಡದೆಯೇ ಸೆನ್ಸರ್ ಬದಲಿಸಿದ್ದೇನೆ. ಬೆಳಿಗ್ಗೆ ಫೋನ್ ಮಾಡಿ ಕರೆಸಬೇಕು.