ಹೂವಿಲ್ಲದ ಬಲಗೈ

ಎರಕದ ಮನೆ
ಮಾರ್ಚ್ ೧೪, ಮಂಗಳವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಮ್ಯೂಸಿಯಮ್ಮಿನ ಆ ತಣ್ಣನೆಯ ಕೋಣೆಯಲ್ಲಿ ಕೆಮ್ಮು ಹೆಚ್ಚಾಗಿಲ್ಲ ತಾನೆ? ಹೆಚ್ಚಾಗಿದ್ದರೆ ನನಗೆ ಸಂಕಟವೇ. ಅದರ ಜೊತೆಗೆ ಸಣ್ಣದೊಂದು ಸಮಾಧಾನವೂ ಆದೀತು, ಒಡಹುಟ್ಟಿದವನ ಹತ್ತಿರ ಸುಳ್ಳೇಕೆ? ಸಾವಿರ ವರ್ಷದ ಕಂಚಿನ ದೇವಿಯರ ಆರೈಕೆಗೆ ಅವರು ಕರೆದದ್ದು ನಿನ್ನನ್ನು. ಬಾಗಿಲಲ್ಲಿ ಆ ಕಾಗದ ಇಸಿದುಕೊಂಡವನು ನಾನು, ಒಳಗಿದ್ದ ಹೆಸರು ನಿನ್ನದು. ಅವತ್ತು ನಾನು ನಕ್ಕೆನಲ್ಲ, ಆ ನಗು ಅಂಟಿಸಿಕೊಂಡದ್ದು. ಈಗ ನೀನು ಅಲ್ಲಿನ ಆ ಒಬ್ಬ ದೇವಿಯ ನಡು ಹೀಗಿದೆ, ನಿಲುವು ಹಾಗಿದೆ ಎಂದು ಪುಟಗಟ್ಟಲೆ ಬರೆಯುತ್ತೀಯ, ಅಪ್ಪ ಅದನ್ನು ನನ್ನಿಂದಲೇ ಮೂರು ಸಲ ಓದಿಸುತ್ತಾರೆ. ನಿನ್ನ ಅತ್ತಿಗೆಯಂತೂ ಒಲೆಯ ಮುಂದಿನಿಂದಲೇ, "ಇವತ್ತು ಇವರಿಗೆ ಊಟ ಸೇರಲ್ಲ, ತಮ್ಮನ ಕಾಗದ ಬಂದಿದೆ" ಎನ್ನುತ್ತಾಳೆ.

ಸುದ್ದಿಗೆ ಬರುತ್ತೇನೆ. ಆ ಹಳೆಯ ದೇವಿಯನ್ನು ಹೋಲುವ ಆಳೆತ್ತರದ ವಿಗ್ರಹಕ್ಕೆ ಮುಂಚೆ ಮೊಳದುದ್ದದ ಒಂದನ್ನು ಎರೆದು ನೋಡುವುದೆಂದು ನೀನಿದ್ದಾಗಲೇ ಮಾತಾಗಿತ್ತು. ನೀನು ಹೋದ ಮೇಲೆ ಅಪ್ಪ, "ಬಲಗೈ ಸರಿ ಬಂದ್ರೆ ದೊಡ್ಡದರ ಮೇಣಾನೂ ನೀನೇ ಕಟ್ಟು. ಇಲ್ಲಾಂದ್ರೆ ಚಿಕ್ಕವನು ಬರೋವರೆಗೂ ಕಾಯೋಣ" ಎಂದರು. ಆ 'ಕಾಯೋಣ' ಕೇಳಿದ ರಾತ್ರಿಯೇ ಬಲಗೈ ಮಾಡಲು ಮೇಣ ಹಿಡಿದು ಕೂತೆ. ಹೂ ಹಿಡಿದಂತೆ ಬೆರಳು ಮಡಿಸಿದ, ಆದರೆ ಹೂವೇ ಇಲ್ಲದ ಕೈ ಅದು! ಮೇಣದಲ್ಲಿ ಇಪ್ಪತ್ತು ಮಾಡಿದೆ. ಒಂದು ಉಪ್ಪಿನ ಚಿಟಿಕೆ ಹಿಡಿದಂತಿತ್ತು, ಇನ್ನೊಂದು ಯಾರದೋ ಕಿವಿ ಹಿಂಡುವಂತಿತ್ತು. ಕಣ್ಣಿಗೆ ಪೊರೆ ಬಂದ ಮೇಲೆ ಅಪ್ಪ ಬೆರಳಿನಿಂದಲೇ ನೋಡುತ್ತಾರಲ್ಲ. ಮುಟ್ಟಿ, "ಇವಳು ಹೂ ಹಿಡಿದಿಲ್ಲ ಕಣೋ, ಜಗಳಕ್ಕೆ ನಿಂತಿದ್ದಾಳೆ, ಕರಗಿಸು" ಎಂದರು.

ಕೊನೆಗೆ ಒಂದು ಕೈ ಕೂಡಿಬಂತು. ಮೇಣದ ಮೇಲೆ ಮಣ್ಣು ಮೆತ್ತಿ, ಒಣಗಿಸಿ, ಕಾಸಿ, ಮೇಣ ಕರಗಿಳಿದ ಜಾಗಕ್ಕೆ ಕಂಚು ಹುಯ್ದೆ. ಮೊನ್ನೆ ಮಣ್ಣಿನ ಅಚ್ಚು ಒಡೆದು ಅರ ಹಾಕಿ ಉಜ್ಜಿ ನಯ ಮಾಡುವ ಮುಂಚೆಯೇ ಅಪ್ಪ ವಿಗ್ರಹದ ಬಲಗೈ ಸವರಿದರು. ಅದರ ಕಿರುಬೆರಳಿನ ಹತ್ತಿರ ಬಂದು ಅವರ ಬೆರಳು ನಿಂತುಬಿಟ್ಟಿತು. "ಬಂತು ನೋಡೋ! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ? ಚಿಕ್ಕವನಿಗೂ ಇದು ಬರಲ್ಲ." ನಲವತ್ತೆರಡು ವರ್ಷ ಕಾದ ಮಾತು, ತಮ್ಮಾ. ನಿನ್ನ ಅತ್ತಿಗೆಗೆ ನಾಲ್ಕು ಸಲ ಹೇಳಿದೆ. ಬರುವ ಸೋಮವಾರದಿಂದ ದೊಡ್ಡ ದೇವಿಯ ಮೇಣ ನಾನೇ ಕಟ್ಟಬೇಕಂತೆ. ನೀನು ಬೇಸರ ಮಾಡಿಕೊಳ್ಳಬೇಡ. ಸ್ವಲ್ಪ ಮಾಡಿಕೊಂಡರೂ ನನ್ನದೇನೂ ಅಡ್ಡಿಯಿಲ್ಲ.

ಅಪ್ಪ ನಿನ್ನ ತಲೆ ಸವರಿದ್ದಾರೆಂದುಕೋ. ಅತ್ತಿಗೆ ಸ್ವೆಟರ್ ಬಿಚ್ಚಬೇಡ ಎಂದಿದ್ದಾಳೆ.

ನಿನ್ನ ಅಣ್ಣ

ತಾ.ಕ.: ಅಂಚೆ ಎತ್ತುವ ಹೊತ್ತಾಯಿತು, ಬೇಗ ಬರೆದುಬಿಡುತ್ತೇನೆ. ಆ ಕೈ ನಿನ್ನದು. ಹೊರಡುವ ಮುಂಚೆ ನೀನೇ ಮೇಣದಲ್ಲಿ ಇದೇ ಅಳತೆಗೆ ಮಾಡಿ ನೀರಿನ ಬೋಗುಣಿಯಲ್ಲಿ ಬಿಟ್ಟುಹೋಗಿದ್ದೆ, ಮರೆತಿರಬೇಕು. ನಾನು ಅದನ್ನು ನನ್ನ ಮೇಣದ ದೇವಿಯ ಮಣಿಕಟ್ಟಿಗೆ ಅಂಟಿಸಿದೆ ಅಷ್ಟೆ. ಮೇಣ ಕರಗಿಹೋಯಿತು, ಅಚ್ಚು ಒಡೆದುಹೋಯಿತು, ಅಂಥ ಇನ್ನೊಂದು ನನ್ನಿಂದ ಆಗದು. ಸೋಮವಾರದೊಳಗೆ ಬಾ. ಅಪ್ಪನಿಗೆ ನಾನೇ ಹೇಳುತ್ತೇನೆ, ನೀನು ಬಾಯಿ ಬಿಡಬೇಡ. ಅದಕ್ಕೂ ಮೊದಲು ಒಂದು ಗಳಿಗೆ ನನ್ನ ಪಕ್ಕ ಕೂತು, ಆ ಕಿರುಬೆರಳನ್ನು ನೀನು ಹೇಗೆ ಮಡಿಸಿದೆ ಅಂತ ತೋರಿಸಿಕೊಡು.