ಅವ್ವ ಚೆಲ್ಲಿದ ಮೆಣಸಿನಕಾಯಿ

ದುರುಗೇಶ,

ನಾ ಹಾವೇರಿ ದವಾಖಾನಿಗೆ ಪಾಳಿ ಹಚ್ಚಾಕ ಹೊಂಟೇನಿ. ಹತ್ತು ಗಂಟೆದೊಳಗ ಅವ್ವನ್ನ ಕರಕೊಂಡು ಬಾ. ಕೆಲಸ ಐತಿ ಅಂತ ನೆವ ಹೇಳಬ್ಯಾಡ.

“ವಯಸ್ಸಾತು, ಎಲ್ಲಾರೂ ಮರೀತಾರ” ಅಂತಿ. ಚಾಳೀಸು ಎಲ್ಲಿಟ್ಟೆ ಅಂತ ಹುಡುಕೋದು ಮರವು, ಅದು ನನಗೂ ಐತಿ. ಬ್ಯಾಡಗಿಯೊಳಗ ನಲವತ್ತು ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸಿದಾಕಿ ನಿನ್ನಿ ಕಾಯಿ ತಿಪ್ಪಿಗೆ ಚೆಲ್ಲಿ, ತೊಟ್ಟು ಡಬ್ಬಿಗೆ ತುಂಬ್ಯಾಳ. ಅದೂ ವಯಸ್ಸೇನು? ಮ್ಯಾಲ ಆಕಿ ಮುಂದನ ಹಲ್ಲು ಕಿಸಿದಿ. ನಿನ್ನ ಕಪಾಳಕ್ಕ ಬಾರಿಸಬೇಕಿತ್ತು ನಾ.

ರೊಟ್ಟಿ ಬುಟ್ಟಿಯೊಳಗ ಅದಾವ. ಬಿಪಿ ಗುಳಿಗಿ ನೀನ ಕೈಯಾಗ ಕೊಡು, “ತಗೊಂಡೇನಿ” ಅಂದ್ರ ನಂಬಬ್ಯಾಡ. ಬಸ್ಸಿನ್ಯಾಗ ಮಂದಿ ಮುಂದ “ನಾ ಯಾರು ಹೇಳು” ಅಂತ ಪರೀಕ್ಷಾ ಮಾಡಿದಿ ಅಂದ್ರ ನೋಡು!

ಆಕಿಗೇನೂ ತಿಳಿಯಂಗಿಲ್ಲ ಅನ್ಕೊಂಡೀಯೇನು? ನಿನ್ನಿ ನೀ ಹೊರಗ ಹೋದ ಮ್ಯಾಲ ಒಂದು ಕೈಯಾಗ ಕಾಯಿ, ಇನ್ನೊಂದು ಕೈಯಾಗ ತೊಟ್ಟು ಹಿಡಕೊಂಡು ನನ್ನ ಹತ್ರ ಬಂದ್ಲು. “ಇದರಾಗ ಯಾವುದು ಇಟ್ಕೋಬೇಕವ್ವಾ? ದುರುಗೇಶಗ ಹೇಳಬ್ಯಾಡ, ಮತ್ತ ನಗತಾನ” ಅಂದ್ಲು.

ಅಕ್ಕ