ಕಪ್ಪು ಗುಂಡಿಯ ಖಾನೆ

ಗುಂಡಿ ಅಂಗಡಿಯಿಂದ
ಒಂಬತ್ತನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಸೊಸೆಗೆ,

ನಿನ್ನ ಅತ್ತೆ ಮಾಡುವ ಆಶೀರ್ವಾದಗಳು. "ಪ್ರೀತಿಯ" ಎಂದು ಬರೆದದ್ದನ್ನು ಎರಡೆರಡು ಸಲ ಓದಿ ನಗಬೇಡ, ಯೋಚಿಸಿಯೇ ಬರೆದಿದ್ದೇನೆ. ಹೇಗಿದ್ದೀಯ? ಹೋದ ತಿಂಗಳು ನಿನಗೆ ಕೆಮ್ಮು ಎಂದು ಮಗ ಹೇಳಿದ. ವಾಸಿಯಾಯಿತೋ, ಇಲ್ಲ ಎಂದಿನಂತೆ ಬಿಸಿನೀರು ಕುಡಿದು ಸುಮ್ಮನಾದೆಯೋ? ನೀನು ಕೆಲಸ ಮಾಡುವ ಆ ಆಸ್ಪತ್ರೆಯ ಬಟ್ಟೆ ಹೊಲಿಗೆ ಕೋಣೆಯಲ್ಲಿ ನೂಲಿನ ಧೂಳು ಜಾಸ್ತಿ ಇರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂರು. ನನ್ನ ಮೊಮ್ಮಗಳು ಚೂಟಿಗೆ ದವಡೆ ಹಲ್ಲು ಬಂತೇ? ಬಸ್ ಡಿಪೋದಲ್ಲಿ ಮಗ ಈಗಲೂ ಊಟದ ಡಬ್ಬಿ ಮರೆತು ಬರುತ್ತಾನೆಯೇ? ಅವನ ಅಪ್ಪನೂ ಹಾಗೇ ಇದ್ದರು. ಬಿತ್ತಿದಂತೆ ಬೆಳೆ, ಏನು ಮಾಡುವುದು.

ಫೋನ್ ಇರುವಾಗ ಈ ಮುದುಕಿಗೆ ಪತ್ರ ಯಾಕೆ ಎನ್ನುತ್ತೀಯ. ಫೋನಿನಲ್ಲಿ ನಾವಿಬ್ಬರು ಮಾತಾಡುವ ಚೆಂದ ನನಗೆ ಗೊತ್ತಿಲ್ಲವೇ? "ಊಟ ಆಯ್ತಾ ಅತ್ತೆ?" "ಆಯ್ತು, ನಿಂದು?" "ಆಯ್ತು, ಇರಿ, ಅವರಿಗೆ ಕೊಡ್ತೀನಿ." ನೀನು ಹೋದ ಮೇಲೆ ಒಂದೂವರೆ ವರ್ಷ ಇಷ್ಟರಲ್ಲೇ ಕಳೆಯಿತು. ಅಕ್ಷರ ಕುಂಬಳಕಾಯಿ ಗಾತ್ರ ಆಯಿತು, ಸಾಲು ಡೊಂಕಾಯಿತು ಎಂದು ಆಡಿಕೊಳ್ಳಬೇಡ. ಪೆನ್ನು ದಪ್ಪ, ಮೇಜು ಅಲ್ಲಾಡುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುತ್ತೀಯೇನೋ, ಅನ್ನು.

ಮೊದಲು ಬೀದಿಯ ಸುದ್ದಿ ಹೇಳಿಬಿಡುತ್ತೇನೆ. ನೀನು ಹೋಗುವಾಗ ನಮ್ಮ ಬೀದಿ ಹೇಗಿತ್ತು ನೆನಪಿದೆಯಲ್ಲ. ಮೂವತ್ತೆರಡು ಅಂಗಡಿಯಲ್ಲಿ ಹತ್ತೊಂಬತ್ತರ ಶಟರ್ ಇಳಿದಿತ್ತು. ಊರವರೆಲ್ಲ ದೊಡ್ಡ ರಸ್ತೆಯ ಗಾಜಿನ ಕಟ್ಟಡಕ್ಕೆ ಮುಗಿಬಿದ್ದಿದ್ದರು. ನಮ್ಮ ಎಡಕ್ಕಿದ್ದ ಗಡಿಯಾರದವರು ಹೋದರು, ಬಲಕ್ಕಿದ್ದ ಕೊಡೆ ರಿಪೇರಿಯವರೂ ಹೋದರು. ನಮ್ಮ ಬೀದಿಯ ಪದ್ಧತಿ ನಿನಗೆ ಗೊತ್ತೇ ಇದೆ. ಊಟಕ್ಕೆ ಹೋಗುವಾಗ ಯಾರೂ ಬೀಗ ಹಾಕುವುದಿಲ್ಲ, ಬಾಗಿಲಿಗೆ ಸ್ಟೂಲು ಅಡ್ಡ ಇಟ್ಟರೆ ಪಕ್ಕದವರು ಬಂದು ವ್ಯಾಪಾರ ಮಾಡಿಕೊಡುತ್ತಾರೆ. ಬೀಗ ಹಾಕಿದರೆ ಪಕ್ಕದವರ ಮುಖಕ್ಕೆ ಹೊಡೆದ ಹಾಗೆ. ಎರಡೂ ಪಕ್ಕ ಖಾಲಿಯಾದ ಮೇಲೂ ನಾನು ಹಟಕ್ಕೆ ಬಿದ್ದು ಸ್ಟೂಲನ್ನೇ ಅಡ್ಡ ಇಡುತ್ತಿದ್ದೆ. ನೋಡಿಕೊಳ್ಳುವವರೂ ಇರಲಿಲ್ಲ, ಕದಿಯುವವರೂ ಇರಲಿಲ್ಲ. ಒಂದು ಮಧ್ಯಾಹ್ನ ವಾಪಸು ಬಂದು ನೋಡಿದರೆ ಅದರ ಮೇಲೆ ಬೆಕ್ಕು ಮಲಗಿತ್ತು. ಅವತ್ತಿನ ಗಿರಾಕಿ ಅದೊಂದೇ.

ಹೀಗಿರುವಾಗ ನಗರಸಭೆಯಿಂದ ಒಬ್ಬಳು ಅಧಿಕಾರಿ ಬಂದಳು. ವಯಸ್ಸು ನಿನ್ನಷ್ಟೇ ಇರಬಹುದು. ಕೈಯಲ್ಲಿ ಸದಾ ಒಂದು ಟೇಪು, ಕಂಡದ್ದನ್ನೆಲ್ಲ ಅಳೆಯುತ್ತಾಳೆ. ಚರಂಡಿ, ಮೆಟ್ಟಿಲು, ಮಧ್ಯಾಹ್ನ ಮೂರಕ್ಕೆ ನೆರಳು ಎಲ್ಲಿಯವರೆಗೆ ಬೀಳುತ್ತದೆ ಎಂಬುದನ್ನೂ ಅಳೆದಳು. ಬೀದಿಯವರು ಅವಳಿಗೆ ಅಳತೆಯಮ್ಮ ಎಂದು ಹೆಸರಿಟ್ಟರು. ಮುಚ್ಚಿದ್ದ ಅಚ್ಚಿನ ಪ್ರೆಸ್ಸಿನ ಬಾಗಿಲು ತೆಗೆಸಿ ನಮ್ಮನ್ನೆಲ್ಲ ಕೂರಿಸಿದಳು. ಮೂಲೆಯಂಗಡಿಯ ಕ್ಷೌರದಣ್ಣ ಬಾಯಿ ಮುಚ್ಚಿಕೊಂಡಿರುವ ಪೈಕಿಯೇ? "ಏನ್ ಮೇಡಂ, ಸತ್ತವನ ಮುಖಕ್ಕೆ ಪೌಡರ್ ಹಚ್ಚೋಕೆ ಬಂದ್ರಾ?" ಎಂದ. ಅವಳೂ ಬಿಡಲಿಲ್ಲ. "ಸತ್ತಿಲ್ಲ ಅಣ್ಣಾ, ಇನ್ನೂ ಉಸಿರಿದೆ, ಅಳೆದು ನೋಡಿದೀನಿ," ಎಂದಳು. ನನಗೆ ಅವತ್ತೇ ಅವಳು ಹಿಡಿಸಿದಳು.

ಆಮೇಲೆ ಎಂಟು ತಿಂಗಳು ಏನು ಗಲಾಟೆ, ಏನು ಧೂಳು! ಬೆಳಿಗ್ಗೆ ಹತ್ತರ ಮೇಲೆ ಬೀದಿಗೆ ಗಾಡಿ ಬಿಡಬಾರದು ಎಂದಾಗ ಅರ್ಧ ಜನ ಅವಳ ಮೇಲೆ ಹರಿಹಾಯ್ದರು. ಈಗ ಅವರೇ ಅಂಗಡಿ ಮುಂದೆ ಬೆಂಚು ತನಗೆ ಮೊದಲು, ತನಗೆ ಮೊದಲು ಎಂದು ಜಗಳವಾಡುತ್ತಾರೆ. ನಡೆದಾಡುವ ಜಾಗಕ್ಕೆ ಕಲ್ಲು ಹಾಸಿದ್ದಾರೆ, ಮೇಲೆ ನೆರಳಿಗೆ ಬಟ್ಟೆ ಕಟ್ಟಿದ್ದಾರೆ. ಮುಚ್ಚಿದ್ದ ಅಂಗಡಿಗಳನ್ನು ಕೈಕಸುಬಿನವರಿಗೆ ಆರು ತಿಂಗಳು ಬಾಡಿಗೆಯಿಲ್ಲದೆ ಕೊಟ್ಟರು. ಗಡಿಯಾರದವರ ಜಾಗಕ್ಕೆ ಫೋನ್ ರಿಪೇರಿ ಮಾಡುವ ಹೆಂಗಸು ಬಂದಿದ್ದಾಳೆ. ನಾನು ಅವಳನ್ನು ಫೋನ್ ಡಾಕ್ಟರು ಎಂದು ಕರೆಯುತ್ತೇನೆ. ಬಂದ ಮೂರನೇ ದಿನವೇ ಊಟಕ್ಕೆ ಹೊರಟು, ಯಾರೂ ಹೇಳಿಕೊಡದೆ ಬಾಗಿಲಿಗೆ ಸ್ಟೂಲು ಅಡ್ಡ ಇಟ್ಟಳು ನೋಡು. ನಾನು ಇಡುವುದನ್ನು ಕಂಡಿದ್ದಳಂತೆ. ನನ್ನ ಕಣ್ಣಲ್ಲಿ ನೀರು ಬಂತು. ಕ್ಷೌರದಣ್ಣನೊಬ್ಬ ಮಾತ್ರ ಬಂದವರಿಗೆಲ್ಲ ಹೇಳುತ್ತಾನೆ: "ಬೀದಿ ಗುಂಡಿಯೆಲ್ಲಾ ಮುಚ್ಚಿದ್ರು, ಈ ಗುಂಡಿ ಅಂಗಡಿ ಮಾತ್ರ ಮುಚ್ಚೋಕಾಗ್ಲಿಲ್ಲ."

ಈಗ ನಮ್ಮ ಅಂಗಡಿಯ ವಿಷಯ. ಅಳತೆಯಮ್ಮ ಒಳಗೆ ಬಂದವಳು ಗೋಡೆಯ ತುಂಬ ಇರುವ ನಮ್ಮ ನೂರಾ ನಲವತ್ತು ಖಾನೆ, ಒಂದೊಂದರ ಮುಂದೆಯೂ ಹೊಲಿದಿಟ್ಟ ಮಾದರಿ ಗುಂಡಿ, ಎಲ್ಲ ನೋಡಿ ಬಾಯಿ ಬಿಟ್ಟುಕೊಂಡು ನಿಂತಳು. "ಅಮ್ಮಾ, ಬಾಗಿಲಲ್ಲಿರೋ ಈ ಗಾಜಿನ ಬೀರು ತೆಗೀರಿ, ಈ ಗೋಡೆ ಬೀದಿಗೆ ಕಾಣ್ಲಿ. ಮುಂದೊಂದು ಮೇಜು ಹಾಕಿ, ಬಂದವರ ಹರಿದ ಬಟ್ಟೆ ಕೂತಲ್ಲೇ ಸರಿಮಾಡಿ ಕೊಡಿ," ಎಂದಳು. ನಿನ್ನ ಮಾತೇ! ಒಂದು ಅಕ್ಷರ ಆಚೀಚೆ ಇಲ್ಲ. ಎಲ್ಲರ ಮುಂದೆ ಹೇಳಿದೆ, ಇದು ನನ್ನ ಸೊಸೆಯ ತಲೆಯಿಂದ ಮೊದಲೇ ಬಂದಿತ್ತು ಎಂದು. ಕ್ಷೌರದಣ್ಣ ಕಿಸಕ್ಕನೆ ನಕ್ಕು, "ಅದಕ್ಕೇ ಅಲ್ವಾ ಅವತ್ತು ಬೀದಿಗೆಲ್ಲಾ ಕೇಳೋ ಹಾಗೆ ಬೈದಿದ್ದು?" ಎಂದ. ಅವನ ನಾಲಿಗೆ ಅವನ ಕತ್ತಿಗಿಂತ ಹರಿತ. ಆದರೂ ಸುಳ್ಳು ಹೇಳಲಿಲ್ಲ.

ಬೈದದ್ದು ಹೌದು. ಆ ಮಧ್ಯಾಹ್ನ ನನಗೆ ಒಂದೊಂದು ಗಳಿಗೆಯೂ ನೆನಪಿದೆ. ನಾನು ಊಟ ಮುಗಿಸಿ ಬರುವಷ್ಟರಲ್ಲಿ ನೀನು ಗೋಡೆಯ ಒಂದು ಬದಿಯನ್ನೇ ಬದಲಿಸಿದ್ದೆ. ನಮ್ಮ ಮನೆಯವರ ಕಾಲದಿಂದ ಎರಡು ತೂತಿನದು, ನಾಲ್ಕು ತೂತಿನದು, ಕೊಕ್ಕೆಯದು ಎಂದು ಇದ್ದದ್ದನ್ನು ಬಣ್ಣದ ಪ್ರಕಾರ ಜೋಡಿಸಿ, ಪ್ರತಿಯೊಂದಕ್ಕೂ ನಿನ್ನ ಇರುವೆಸಾಲಿನ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದ್ದೆ. ಗಿರಾಕಿ ಬಣ್ಣ ಕೇಳುತ್ತಾರೆಯೇ ಹೊರತು ತೂತು ಕೇಳುವುದಿಲ್ಲ ಎಂದೆ ನೀನು. ನಾನು ಚೀಟಿಗಳನ್ನೆಲ್ಲ ಪರಪರ ಕಿತ್ತೆ. "ನಿನ್ನ ತವರಿಂದ ತಂದ ಪೆಟ್ಟಿಗೆ ಅಲ್ಲ ಇದು," ಎಂದೆ. ಅದಕ್ಕಿಂತ ಕೆಟ್ಟ ಮಾತನ್ನೂ ಅಂದೆ, ಇಲ್ಲಿ ಬರೆಯುವುದಿಲ್ಲ, ನಿನಗೆ ನೆನಪಿದ್ದೇ ಇರುತ್ತದೆ. ನೀನು ಕೆಳಗೆ ಬಿದ್ದ ಚೀಟಿಗಳನ್ನು ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಂಡೆ. ವಾರ ಕಳೆಯುವುದರೊಳಗೆ ಚೂಟಿಯನ್ನು ಎತ್ತಿಕೊಂಡು ಮಗನಿದ್ದ ಊರಿಗೆ ಹೊರಟೆ. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎನ್ನುತ್ತಾರೆ. ನಾನು ಒಡೆದದ್ದಕ್ಕೆ ಬೆಲೆ ಇತ್ತು ಮಗಳೇ. ತಿಳಿಯುವುದು ತಡವಾಯಿತು.

ಒಂದು ತಮಾಷೆ ಕೇಳು, ಆಮೇಲೆ ಉಳಿದದ್ದು. ಹೋದ ತಿಂಗಳು ಬೀದಿಗೆ ಹೊಸ ದೀಪ ಹಾಕಿದರು. ಮೊದಲ ಸಂಜೆ ಬ್ಯಾಂಡಿನವರನ್ನು ಕರೆಸಿದ್ದರು. ಅವರ ಹದಿನಾರು ಕಪ್ಪು ಕೋಟು ಹೊಲಿದವನು ನಮ್ಮ ಎದುರಿನ ದರ್ಜಿ, ಗುಂಡಿ ಕೊಟ್ಟವಳು ನಾನು. ಬ್ಯಾಂಡಿನವರು ಸಾಲಾಗಿ ನಿಂತರು, ದೀಪ ಹತ್ತಿತು, ಹಾಲು ಚೆಲ್ಲಿದಂತೆ ಬೆಳಕು. ಜನ ಚಪ್ಪಾಳೆ ತಟ್ಟುತ್ತಿದ್ದವರು ಮೆಲ್ಲಗೆ ನಗಲು ಶುರುಮಾಡಿದರು. ನೋಡಿದರೆ ಕೋಟಿನ ಎದೆಯ ಮೇಲೆ ಮೂರು ಕಪ್ಪು, ಎರಡು ಕಡುನೀಲಿ. ಒಬ್ಬನಿಗಂತೂ ಬರೀ ನೀಲಿ. ಹೊಸ ಸರಕು ಬಂದಾಗ ನಾನು ನೀಲಿ ಪೊಟ್ಟಣವನ್ನು ಕಪ್ಪಿನ ಖಾನೆಗೆ ಸುರಿದಿದ್ದೆ. ದರ್ಜಿಯ ಹಳದಿ ಬಲ್ಬಿನ ಕೆಳಗೆ ಎಲ್ಲ ಒಂದೇ ಥರ ಕಂಡಿತ್ತು. ನಾನು ತಪ್ಪನ್ನು ಬಲ್ಬಿನ ಮೇಲೆ ಹಾಕಿ ನಕ್ಕುಬಿಟ್ಟೆ. ದರ್ಜಿ ಮಾತ್ರ ನಗಲಿಲ್ಲ. "ನಲವತ್ತು ವರ್ಷದಲ್ಲಿ ನೀವು ಕೊಟ್ಟ ಗುಂಡೀನ ನಾನು ತಿರುಗಿಸಿ ನೋಡ್ದೋನಲ್ಲ ಅಕ್ಕಾ," ಎಂದ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಹದಿನಾರು ಕೋಟೂ ಅಂಗಡಿಗೆ ಬಂದವು. ಫೋನ್ ಡಾಕ್ಟರು ತನ್ನ ಕೆಲಸ ಬಿಟ್ಟು ಬಂದು ಕಪ್ಪು ಬೇರೆ, ನೀಲಿ ಬೇರೆ ಆರಿಸಿಕೊಟ್ಟಳು. ನಾನು ಹೊಲಿದೆ. ಒಂದು ಕೈಗಿಂತ ಎರಡು ಕೈ ಮೇಲು ಎಂದು ಕರೆದಿದ್ದೆ, ಬೇರೇನೂ ಇಲ್ಲ.

ಈಗ ಬೀದಿಗೆ ಜನ ಬರುವುದೇ ಸಂಜೆ ಐದರ ಮೇಲೆ. ನಾನೋ ಮಂಡಿನೋವಿನಿಂದ ನಾಲ್ಕಕ್ಕೆಲ್ಲ ಶಟರ್ ಎಳೆಯುತ್ತೇನೆ. ಬೆಳಗುವ ಸಾಲಿನಲ್ಲಿ ನಮ್ಮದೊಂದೇ ಕತ್ತಲೆ, ಬಾಯಲ್ಲಿ ಒಂದು ಹಲ್ಲು ಬಿದ್ದ ಹಾಗೆ. ಅಳತೆಯಮ್ಮ ಮೊನ್ನೆ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತಳು. ಟೇಪನ್ನು ಬ್ಯಾಗಿನಿಂದ ತೆಗೆಯಲಿಲ್ಲ, ಆಗಲೇ ನನಗೆ ಅರ್ಥವಾಯಿತು. ಬೀದಿಯ ಅಂಗಡಿಗಳೆಲ್ಲ ನಗರಸಭೆಯವು ತಾನೇ, ರಾತ್ರಿ ಎಂಟರವರೆಗೆ ತೆರೆದಿಡುವವರಿಗಷ್ಟೇ ಮುಂದಿನ ಮೂರು ವರ್ಷ ಅಂಗಡಿ ಕೊಡುವುದಂತೆ, ಅದೇ ಎಲ್ಲರಿಗೂ ಹಾಕಿರುವ ನಿಯಮವಂತೆ. ನಮ್ಮ ಜಾಗ ಕೇಳಿಕೊಂಡು ಆಗಲೇ ಏಳು ಅರ್ಜಿ ಬಂದಿವೆಯಂತೆ. "ತಿಂಗಳ ಕೊನೆಯೊಳಗೆ ಹೇಳಿ ಅಮ್ಮಾ, ನಾನು ಕಾಯ್ತೀನಿ," ಎಂದಳು. ಕೆಟ್ಟ ಹುಡುಗಿಯಲ್ಲ ಅವಳು. ಸತ್ತ ಬೀದಿಯಲ್ಲಿ ಇಷ್ಟು ವರ್ಷ ಅಂಗಡಿ ಉಳಿಸಿಕೊಂಡು, ಬೀದಿಗೆ ಜೀವ ಬಂದಾಗ ಕಳೆದುಕೊಳ್ಳುವುದೇ?

ಬೋರ್ಡು ಬರೆಯುವವನು ಎಲ್ಲರ ಹೆಸರೂ ಬರೆದು ಮುಗಿಸಿದ. ನಮ್ಮ ಹಲಗೆಗೆ ಬಿಳಿ ಬಣ್ಣ ಬಳಿದು ಒಣಗಲು ಇಟ್ಟು, ಏನು ಬರೆಯಲಿ ಎಂದು ದಿನಾ ಕೇಳುತ್ತಾನೆ. "ಅತ್ತೆ-ಸೊಸೆ ಗುಂಡಿ ಅಂಗಡಿ ಅಂತ ಬರೀರಿ, ಜಗಳ ನೋಡೋಕಾದ್ರೂ ಗಿರಾಕಿ ಬರ್ತಾರೆ," ಎಂದು ಕ್ಷೌರದಣ್ಣ. ನಾನು ಇನ್ನೂ ಏನೂ ಹೇಳಿಲ್ಲ. ಗಾಜಿನ ಬೀರು ಮಾತ್ರ ತೆಗೆಸಿದೆ. ಮೇಜು ಹಾಕಿಸಿದೆ, ನಿನ್ನ ಎತ್ತರಕ್ಕೆ. ಕಾಲು ಇನ್ನೂ ಸ್ವಲ್ಪ ಅಲ್ಲಾಡುತ್ತದೆ. ಖಾನೆಗಳನ್ನೂ ನಿನ್ನ ಲೆಕ್ಕದಂತೆ ಬಣ್ಣಕ್ಕೊಂದು ಸಾಲು ಮಾಡಿಸಿದ್ದೇನೆ, ಫೋನ್ ಡಾಕ್ಟರು ಮೂರು ಭಾನುವಾರ ಕೂತು ಮಾಡಿದಳು. ಮಗನಿಗೆ ಈ ಊರಿನ ಡಿಪೋಗೆ ವರ್ಗ ಸಿಗುವುದು ಕಷ್ಟವಲ್ಲ ಎಂದು ಅವನೇ ಒಮ್ಮೆ ಹೇಳಿದ್ದ. ಹಾಗಂತ ನಿನ್ನನ್ನು ಒತ್ತಾಯ ಮಾಡುತ್ತಿಲ್ಲ. ಅಲ್ಲಿ ನಿನಗೊಂದು ಕೆಲಸವಿದೆ, ಸಂಬಳವಿದೆ, ತಲೆಯ ಮೇಲೆ ಅತ್ತೆಯಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವುದು ಸುಳ್ಳಲ್ಲ. ನನ್ನ ಕಾಲ ಮುಗಿಯಿತು ಎಂದು ನನಗೆ ಬೇಸರವೂ ಇಲ್ಲ. ಆದರೆ ನಿನ್ನ ಕಾಲ ಇದೇ ಅಂಗಡಿಯಲ್ಲಿ ಶುರುವಾದರೆ ನೋಡಬೇಕು ಎಂದು ಆಸೆ.

ಚೂಟಿಗೆ ಕೆನ್ನೆ ತುಂಬ ಮುತ್ತು. ಅವಳಿಗೆಂದು ಆಮೆ ಆಕಾರದ ಆರು ಗುಂಡಿ ಲಕೋಟೆಯಲ್ಲಿ ಹಾಕಿದ್ದೇನೆ, ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೋ. ಮಗನಿಗೆ ಡಬ್ಬಿ ಮರೆಯಬೇಡ ಎಂದು ಹೇಳು. ನಿನಗೆ ಆರೋಗ್ಯ ಚೆನ್ನಾಗಿರಲಿ, ಕೈಗೆ ಕಸುವಿರಲಿ.

ಇಂತಿ ನಿನ್ನ
ಅತ್ತೆ

ತಾ.ಕ.: ಅಂಚೆಯವನು ಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ, ಮಗನಿಗೆ ಓದಿ ಹೇಳಬೇಡ, ಗಾಬರಿಯಾಗುತ್ತಾನೆ. ಪೆನ್ನು ದಪ್ಪ ಎಂದದ್ದು ಸುಳ್ಳು. ಮಂಡಿನೋವೂ ಸುಳ್ಳು. ಬಲ್ಬಿನ ತಪ್ಪೂ ಅಲ್ಲ. ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ, ಹೊತ್ತು ಇಳಿದರೆ ಏನೂ ಕಾಣುವುದಿಲ್ಲ. ಕೋಟಿನ ದಿನ ಫೋನ್ ಡಾಕ್ಟರಿಗೆ ಗೊತ್ತಾಗಿ ಅವಳೇ ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಇಪ್ಪತ್ತೆರಡಕ್ಕೆ ಒಂದು ಕಣ್ಣಿನ ಆಪರೇಷನ್. ಆದರೆ ಇದು ಹೊಸದಲ್ಲ, ನೀನು ಖಾನೆ ಬದಲಿಸಿದ ದಿನಕ್ಕೂ ಮೊದಲೇ ಶುರುವಾಗಿತ್ತು. ಹಳೇ ಜೋಡಣೆಯಲ್ಲಿ ಬೆರಳಿಗೆ ದಾರಿ ಗೊತ್ತಿತ್ತು, ಅದರಿಂದ ಯಾರಿಗೂ ತಿಳಿಯದಂತೆ ನಡೆಯುತ್ತಿತ್ತು. ಅವತ್ತು ನನ್ನ ಅಂಗಡಿಯಲ್ಲೇ ನನಗೆ ದಾರಿ ತಪ್ಪಿತು, ಹೆದರಿಬಿಟ್ಟೆ, ಹೆದರಿದ್ದು ಗೊತ್ತಾಗಬಾರದೆಂದು ನಿನ್ನನ್ನು ಬೈದೆ. ನಿನ್ನ ಚೀಟಿ ಬೇಡವೆಂದು ಕೀಳಲಿಲ್ಲ ಮಗಳೇ, ಓದಲು ಆಗಲಿಲ್ಲ, ಅದಕ್ಕೆ ಕಿತ್ತೆ. ತಪ್ಪು ನನ್ನದೇ. ಅವನ್ನು ಇನ್ನೂ ಇಟ್ಟುಕೊಂಡಿದ್ದರೆ ಬಿಸಾಕು. ಬಾ, ಹೊಸದಾಗಿ ಬರೆಯೋಣ, ಈ ಸಲ ಸ್ವಲ್ಪ ದೊಡ್ಡ ಅಕ್ಷರದಲ್ಲಿ.